ವಾರಿಯ ದಾರಿಯಲ್ಲಿ ಹೊರಗಿನವರು: ಮೂರು ಮರಾಠಿ ಬರಹಗಳ ನೆಪದಲ್ಲಿ

ಹೊರನಾಡಿನಲ್ಲಿ ನೆಲೆಸಿದ ನಮ್ಮವರು ಬರೆದ ಲೇಖನಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ನಿವೃತ್ತಿಯಾದ ಮೇಲಂತೂ ಸಮಯಕ್ಕೇನೂ ಬರವಿಲ್ಲ. ಆ ಲೇಖನಗಳಲ್ಲಿ ಪರಸ್ಥಳದ ಪೂಜೆ, ಹಬ್ಬ, ವ್ರತಗಳ ಮಾತು ಬಂದಾಗ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ಒಂದು, ‘ಈ ಜನ ಎಂಥಾ ವಿಚಿತ್ರ ನೋಡಿ’ ಅನ್ನುವ ನಗು. ಇನ್ನೊಂದು, ‘ನೋಡೋಕೆ ಬೇರೆ ಥರ ಕಂಡರೂ ಇದು ಮೂಲದಲ್ಲಿ ನಮ್ಮದೇ’ ಅನ್ನುವ ಹೆಮ್ಮೆ. ಮೊದಲನೆಯದರಲ್ಲಿ ನಾವು ಮೇಲೆ, ಅವರು ಕೆಳಗೆ. ಎರಡನೆಯದರಲ್ಲಿ ನಾವು ಸಾಲ ಕೊಟ್ಟವರು, ಅವರು ಸಾಲಗಾರರು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕಳೆದವನಿಗೆ ಈ ಎರಡನೇ ಧೋರಣೆ ಬೇಗ ಗುರುತು ಸಿಗುತ್ತೆ. ಎರಡರಲ್ಲೂ ಒಂದು ಅನುಕೂಲ ಇದೆ. ಬರೆಯುವವನು ಕೂತ ಕುರ್ಚಿಯಿಂದ ಏಳಬೇಕಾಗಿಲ್ಲ.

ನಾನು ಎರಡನ್ನೂ ಮಾಡಿದವನು. ಆದ್ದರಿಂದ ಇದು ಬೇರೆಯವರ ಮೇಲಿನ ದೂರಲ್ಲ. ಪುಣೆಯಲ್ಲಿ ನಾನಿದ್ದ ವರ್ಷಗಳಲ್ಲಿ ನೋಡಿದ ಪಂಢರಪುರದ ವಾರಿಯನ್ನೂ, ಅದರ ಸುತ್ತ ಇರುವ ಮೂರು ಮರಾಠಿ ಬರಹಗಳನ್ನೂ ಒಟ್ಟಿಗೆ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿಕೊಳ್ಳಬೇಕೆನಿಸಿದೆ: ಇನ್ನೊಬ್ಬರ ಭಕ್ತಿಯ ಎದುರು ಹೊರಗಿನವನು ನಿಲ್ಲುವುದು ಹೇಗೆ? ಅಷ್ಟಕ್ಕೂ ಅವನನ್ನು ಹೊರಗಿಟ್ಟದ್ದು ಯಾವುದು?

ನನ್ನದು ಹಾಸನ ಜಿಲ್ಲೆ. ಮಾಧ್ವರ ಮನೆ. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು 1996ರಲ್ಲಿ ಪುಣೆಗೆ ವರ್ಗವಾಗಿ ಹೋದೆ. ಮೊದಲ ವರ್ಷವೆಲ್ಲ ಸಣ್ಣಪುಟ್ಟ ಬೆರಗುಗಳೇ. ನಮ್ಮಲ್ಲಿ ಯುಗಾದಿಗೆ ಬೇವು-ಬೆಲ್ಲವಾದರೆ ಅಲ್ಲಿ ಕಿಟಕಿಯಲ್ಲಿ ಕೋಲಿಗೆ ರೇಷ್ಮೆ ಬಟ್ಟೆ ಸುತ್ತಿ, ಮೇಲೆ ತಂಬಿಗೆ ಬೋರಲು ಹಾಕಿ ನಿಲ್ಲಿಸಿದ ಗುಡಿ. ಎಲ್ಲಕ್ಕಿಂತ ತಮಾಷೆ ಅನ್ನಿಸಿದ್ದು ಏಕಾದಶಿ. ನಮ್ಮಮ್ಮ ಏಕಾದಶಿಯ ದಿನ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಅಲ್ಲಿ ಸಬ್ಬಕ್ಕಿ ಖಿಚಡಿ, ಶೇಂಗಾ ಉಂಡೆ, ಆಲೂಗಡ್ಡೆ ಪಲ್ಯ! ‘ಏಕಾದಶಿ, ದುಪ್ಪಟ್ ಖಾಶಿ’ ಅಂತ ಅವರೇ ಗಾದೆ ಹೇಳಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರದು ಮನೆಯವರ ನಗು, ನನ್ನದು ನೆಂಟನ ನಗು ಅನ್ನೋ ವ್ಯತ್ಯಾಸ ಆಗ ಹೊಳೆದಿರಲಿಲ್ಲ.

ನಮ್ಮ ಶಾಖೆಯಲ್ಲಿ ಒಬ್ಬ ದಫ್ತರಿ ಇದ್ದರು. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು. ಇಡೀ ಶಾಖೆಗೆ ಅವರು ‘ಮಾಮಾ’. ಹಳೇ ಲೆಡ್ಜರು, ವೋಚರು ಕಟ್ಟುಗಳು ಎಲ್ಲಿವೆ ಅನ್ನೋದು ಅವರೊಬ್ಬರಿಗೇ ಗೊತ್ತು. ಕೊರಳಲ್ಲಿ ತುಳಸಿ ಮಣಿಯ ಮಾಲೆ. 1998ರಲ್ಲಿ ಆಷಾಢ ಏಕಾದಶಿ ಜುಲೈ ಮೊದಲ ವಾರಕ್ಕೇ ಬಿತ್ತು. ಅಂದರೆ ವಾರಿಯ ನಡಿಗೆ ಜೂನ್ ಮೂವತ್ತರ ಕ್ವಾರ್ಟರ್ ಎಂಡ್ ಮೇಲೆಯೇ ಹಾದು ಹೋಗುತ್ತಿತ್ತು. ಮಾಮಾ ಇಪ್ಪತ್ತು ದಿನದ ರಜಾ ಅರ್ಜಿ ಹಿಡಿದುಕೊಂಡು ಬಂದರು. ಪ್ರತಿವರ್ಷ ತಾಯಿಯನ್ನು ಕರೆದುಕೊಂಡು ನಡೆಯುತ್ತಾರಂತೆ.

ನಾನಾಗ ಶಾಖೆಯ ಅಕೌಂಟೆಂಟ್. ಮ್ಯಾನೇಜರ ಸಹಿಗೆ ಮುಂಚೆ ನನ್ನ ಶಿಫಾರಸು ಬೇಕು. ಅದೇ ಹೊತ್ತಿಗೆ ಇನ್‌ಸ್ಪೆಕ್ಷನ್ ಬೇರೆ ಬರುವುದಿತ್ತು. ‘ನಾಟ್ ರೆಕಮೆಂಡೆಡ್’ ಅಂತ ಬರೆದೆ. ಅಷ್ಟಕ್ಕೆ ಬಿಟ್ಟಿದ್ದರೆ ಅದು ಕೆಲಸದ ಮಾತಾಗುತ್ತಿತ್ತು. ನಾನು ಬಿಡಲಿಲ್ಲ. “ನಡೆದು ಯಾಕೆ ಹೋಗ್ತೀರಿ ಮಾಮಾ? ಎಸ್.ಟಿ. ಬಸ್ ಹತ್ತಿದರೆ ಏಕಾದಶಿ ದಿನ ಹೋಗಿ ಮಾರನೇ ದಿನ ವಾಪಸ್ ಬರಬಹುದಲ್ಲ. ಬಸ್ಸಲ್ಲಿ ಬಂದೋರಿಗೆ ನಿಮ್ಮ ದೇವರು ದರ್ಶನ ಕೊಡಲ್ವಾ?” ಅಂದೆ. ನನ್ನ ಹರಕುಮುರುಕು ಮರಾಠಿಯಲ್ಲಿ ಇಷ್ಟು ಚೆನ್ನಾಗಿ ಹಾಸ್ಯ ಮಾಡಿದೆನಲ್ಲ ಅಂತ ಒಳಗೊಳಗೇ ಖುಷಿ. ಕ್ಯಾಷಿಯರ್ ನಕ್ಕರು. ಮಾಮಾ ಕೂಡ ನಕ್ಕಂತೆ ಮಾಡಿ, “ಬರ್ ಸಾಹೇಬ” ಅಂತ ಅರ್ಜಿ ವಾಪಸ್ ತಗೊಂಡು ಹೋದರು. ತಾಯಿ ಆ ವರ್ಷ ದಿಂಡಿಯ ಬೇರೆ ಹೆಂಗಸರ ಜೊತೆ ಹೋದರಂತೆ. ಮುಂದಿನ ವರ್ಷಕ್ಕೆ ಅವರ ಮಂಡಿ ಹಿಡಿದುಕೊಂಡಿತ್ತು. ಅದೇ ಅವರ ಕೊನೆಯ ವಾರಿ. ಇದು ನನಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ, ಅದೂ ಮಾತಿಗೆ ಮಾತು ಬಂದು.

ಊರಲ್ಲಿರುವ ನಮ್ಮ ಓದುಗರಿಗಾಗಿ ವಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ, ದೇಹೂವಿನಿಂದ ತುಕಾರಾಮರ ಪಾದುಕೆ ಪಲ್ಲಕ್ಕಿಯಲ್ಲಿ ಹೊರಟು ಸುಮಾರು ಮೂರು ವಾರ ನಡೆದು ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುತ್ತವೆ. ದಾರಿ ಹೆಚ್ಚುಕಡಿಮೆ 250 ಕಿಲೋಮೀಟರು. ಪಲ್ಲಕ್ಕಿಯ ಪದ್ಧತಿ ಶುರು ಮಾಡಿದವರು ತುಕಾರಾಮರ ಮಗ ನಾರಾಯಣ ಮಹಾರಾಜರು, ಹದಿನೇಳನೇ ಶತಮಾನದ ಕೊನೆಯಲ್ಲಿ. ಜ್ಞಾನೇಶ್ವರರ ಪಲ್ಲಕ್ಕಿಗೆ ಈಗಿನ ಶಿಸ್ತು ತಂದವರು ಹತ್ತೊಂಬತ್ತನೇ ಶತಮಾನದ ಹೈಬತ್‌ಬಾಬಾ. ನಡೆಯುವವರು ದಿಂಡಿಗಳೆಂಬ ಗುಂಪುಗಳಾಗಿ ನಡೆಯುತ್ತಾರೆ. ದಿಂಡಿಗಳಿಗೆ ನಂಬರು ಇದೆ. ರಥದ ಮುಂದೆ ಯಾರು, ಹಿಂದೆ ಯಾರು ಎಂಬುದು ಗೊತ್ತುಪಡಿಸಿದ್ದು. ಪುಣೆಯಲ್ಲಿ ಎರಡು ರಾತ್ರಿ ತಂಗು. ಜ್ಞಾನೇಶ್ವರರ ಪಲ್ಲಕ್ಕಿ ಭವಾನಿ ಪೇಟೆಯಲ್ಲಿ, ತುಕಾರಾಮರದು ನಾನಾ ಪೇಟೆಯಲ್ಲಿ. ನಮ್ಮ ಕನ್ನಡಿಗರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಜ್ಞಾನೇಶ್ವರರ ಪಲ್ಲಕ್ಕಿಯ ಜೊತೆ ಎರಡು ಕುದುರೆಗಳು ಹೋಗುತ್ತವೆ. ಒಂದರ ಮೇಲೆ ಸವಾರನಿರುತ್ತಾನೆ, ಇನ್ನೊಂದರ ಬೆನ್ನು ಖಾಲಿ. ಖಾಲಿ ಕುದುರೆಯ ಮೇಲೆ ಜ್ಞಾನೇಶ್ವರರೇ ಕೂತಿದ್ದಾರೆಂದು ನಂಬಿಕೆ. ಈ ಕುದುರೆಗಳು ಪ್ರತಿವರ್ಷ ಬರುವುದು ನಮ್ಮ ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ, ಶಿತೋಳೆ ಮನೆತನದವರ ಕಡೆಯಿಂದ.

1999ರಲ್ಲಿ ಮಾಮಾ ಮತ್ತೆ ರಜೆ ಕೇಳಿದರು. ಈ ಸಲ ಏಕಾದಶಿ ಜುಲೈ ಕೊನೆಯಲ್ಲಿತ್ತು, ಕ್ವಾರ್ಟರ್ ಎಂಡ್ ಗಲಾಟೆ ಇರಲಿಲ್ಲ, ಶಿಫಾರಸು ಮಾಡಿದೆ. “ಸಾಹೇಬ, ನೀವೂ ಒಂದು ದಿವಸ ಬನ್ನಿ, ಸಾಸವಡ ತನಕ” ಅಂದರು. ಕುತೂಹಲಕ್ಕೆ ಒಪ್ಪಿಕೊಂಡೆ. ಅವರೊಡನೆ ದಿವೆ ಘಾಟ್ ಹತ್ತುವುದು ಅಂತ ಆಯಿತು.

ಹಡಪಸರದ ಹತ್ತಿರ ರಸ್ತೆ ಬದಿಯಲ್ಲಿ ಮಾಮಾನ ತಾಯಿ ಕೂತಿದ್ದರು. ನಡೆಯಲಾಗದಿದ್ದರೂ ಪಲ್ಲಕ್ಕಿಯನ್ನು ಕಳಿಸಿಕೊಡೋಕೆ ಬಂದಿದ್ದರು. ಮಗ “ಇವರೇ ನಮ್ಮ ಸಾಹೇಬರು” ಅಂದರು. ಆ ಮುದುಕಿ, ಎಪ್ಪತ್ತು ದಾಟಿದವರು, ಕೈ ಊರಿ ಎದ್ದು, “ಮಾವುಲಿ” ಅಂತ ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಬೆಂಕಿ ತಾಗಿದವನ ಹಾಗೆ ಹಿಂದಕ್ಕೆ ಸರಿದೆ. ವಾರಿಯಲ್ಲಿ ಎದುರಿಗೆ ಬಂದವರ ಕಾಲನ್ನು ಎಲ್ಲರೂ ಮುಟ್ಟುತ್ತಾರೆ. ಎಳೆಯರು ಹಿರಿಯರದನ್ನು, ಹಿರಿಯರು ಎಳೆಯರದನ್ನು. ಮುಟ್ಟಿಸಿಕೊಂಡವರೂ ತಕ್ಷಣ ಬಗ್ಗಿ ಮುಟ್ಟಬೇಕು. ಮಾವುಲಿ ಅಂದರೆ ತಾಯಿ. ಜ್ಞಾನೇಶ್ವರರನ್ನು ಕರೆಯುವ ಹೆಸರೇ ಎಲ್ಲರನ್ನೂ ಕರೆಯುವ ಹೆಸರು. ಇದನ್ನೆಲ್ಲ ನಾನು ಆಗಲೇ ಪತ್ರಿಕೆಗಳಲ್ಲಿ ಓದಿದ್ದೆ. ಆದರೆ ಬೆನ್ನು ಬಗ್ಗಲಿಲ್ಲ. ಮನೆಯಲ್ಲಿ ಹಿರಿಯರಿಗೆ, ಮಠದಲ್ಲಿ ಸ್ವಾಮಿಗಳಿಗೆ ಬಗ್ಗಿ ಅಭ್ಯಾಸವಾದ ಬೆನ್ನು ಅದು. ಯಾರಿಗೆ ಬಗ್ಗಬೇಕು ಅನ್ನೋ ಲೆಕ್ಕ ಅದಕ್ಕೆ ಚಿಕ್ಕಂದಿನಿಂದ ಗೊತ್ತು. ನನ್ನ ಗಾಬರಿ ನೋಡಿ ಮಾಮಾ ಮೆಲ್ಲಗೆ, “ಅದು ನಿಮಗಲ್ಲ ಬಿಡಿ ಸಾಹೇಬ” ಅಂದರು. ಸಮಾಧಾನ ಮಾಡಲಿಕ್ಕೆ ಹೇಳಿದ ಮಾತು. ನನಗೆ ಅದೇ ಚುಚ್ಚಿತು.

ಘಾಟ್ ಹತ್ತಿದ್ದಂತೂ ಮರೆಯುವ ಹಾಗಿಲ್ಲ. ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು, ಮುಂದೆ ವೀಣೆ ಹಿಡಿದವರು, ಪಖವಾಜು, ತಾಳ. ಕೆಳಗೆ ತಿರುಗಿ ನೋಡಿದರೆ ರಸ್ತೆಯೇ ಬೆಳ್ಳಗೆ ಹರಿಯುತ್ತಿರುವಂತೆ ಟೋಪಿಗಳು. ಒಬ್ಬ ರೈತ ತನ್ನ ಬಾಟಲಿ ನೀರನ್ನು ನನಗೆ ಕೊಟ್ಟ. ಕುಡಿದೆ. ಸಂಜೆ ಸಾಸವಡದಿಂದ ಬಸ್ಸು ಹಿಡಿದು ಮನೆಗೆ ಬಂದೆ.

ಆ ಕಾಲು ಮುಟ್ಟಿದ ಪ್ರಸಂಗವನ್ನು ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ಇರಾವತಿ ಕರ್ವೆಯವರ ‘ವಾಟಚಾಲ’ ಎಂಬ ಪ್ರಬಂಧ ತಂದುಕೊಟ್ಟರು. ಕರ್ವೆ (1905–1970) ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ದೊಡ್ಡ ಮಾನವಶಾಸ್ತ್ರಜ್ಞೆ. ನಮ್ಮವರಿಗೆ ‘ಯುಗಾಂತ’ದ ಲೇಖಕಿ ಅಂದರೆ ಗುರುತು ಸಿಕ್ಕೀತು. ಈ ಪ್ರಬಂಧದ ಇಂಗ್ಲಿಷ್ ರೂಪ 1962ರಲ್ಲಿ ‘ಜರ್ನಲ್ ಆಫ್ ಏಷಿಯನ್ ಸ್ಟಡೀಸ್’ನಲ್ಲಿ ಬಂತು. ವಾರಿಯ ಬಗ್ಗೆ ಬಂದ ಬರಹಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಓದಿಲ್ಲ. ಯಾಕೆಂದರೆ ಇದರಲ್ಲಿ ಸಂತೋಷವೂ ಇದೆ, ಅವಮಾನವೂ ಇದೆ, ಎರಡನ್ನೂ ಲೇಖಕಿ ಬಚ್ಚಿಡುವುದಿಲ್ಲ.

ಅವರು ಸೇರಿಕೊಂಡ ದಿಂಡಿಯಲ್ಲಿ ಬ್ರಾಹ್ಮಣರೂ ಇದ್ದರು, ಮರಾಠರೂ ಇದ್ದರು. ದಿನವಿಡೀ ಒಂದೇ ಅಭಂಗ, ಒಂದೇ ತಾಳ. ಊಟದ ಹೊತ್ತಿಗೆ ಮಾತ್ರ ಎರಡು ಒಲೆ, ಎರಡು ಪಂಕ್ತಿ. ಪರಸ್ಪರ ಕಾಲು ಮುಟ್ಟುವ ಜನ ಒಟ್ಟಿಗೆ ಕೂತು ಉಣ್ಣುತ್ತಿರಲಿಲ್ಲ. ಕರ್ವೆಯವರಿಗೆ ಇದು ಸಹಿಸಲಾಗಲಿಲ್ಲ. ಒಮ್ಮೆ ಮರಾಠಾ ಹೆಂಗಸರ ಜೊತೆ ಕೂತು ಅವರ ಅಡುಗೆಯನ್ನೇ ಉಂಡರು. ಆಮೇಲೆ ಆ ಹೆಂಗಸರು ಹತ್ತಿರವಾದರು, ಅಕ್ಕ ಎಂದು ಕರೆದರು, ಪುಣೆಗೆ ಬಂದಾಗ ನಿಮ್ಮ ಮನೆಗೆ ಬರುತ್ತೇವೆ ಅಂದರು. ಆಗ ಗುಂಪಿನಲ್ಲಿದ್ದ ಒಬ್ಬ ಎಳೆಯ ಹುಡುಗಿ ಕೇಳಿದಳು: ಬಂದರೆ, ಅಲ್ಲಿಯೂ ನಮ್ಮ ಜೊತೆ ಈಗಿನ ಹಾಗೆಯೇ ಇರುತ್ತೀರಾ?

ಪ್ರಬಂಧದ ತೂಕವೆಲ್ಲ ನನ್ನ ಮಟ್ಟಿಗೆ ಆ ಪ್ರಶ್ನೆಯ ಮೇಲೆ ನಿಂತಿದೆ. ಅದು ಕೇಳಿ ಕರ್ವೆಯವರ ಎದೆಗೆ ನಾಟಿತು. ಸಾವಿರಾರು ವರ್ಷ ಅಕ್ಕಪಕ್ಕ ಬಾಳಿದರೂ ಅವರು ನಮ್ಮವರಾಗಲಿಲ್ಲ, ನಾವು ಅವರವರಾಗಲಿಲ್ಲ ಎಂಬ ಅರ್ಥದ ನೋವಿನ ಮಾತನ್ನು ಬರೆಯುತ್ತಾರೆ. ಗಮನಿಸಿ: ಕರ್ವೆ ಹೊರನಾಡಿನವರಲ್ಲ. ಮರಾಠಿಯಲ್ಲಿ ಬರೆದವರು, ಪುಣೆಯಲ್ಲೇ ಮನೆ ಮಾಡಿದ್ದವರು, ಅಭಂಗ ಬಲ್ಲವರು. ಆದರೂ ಹೊರಗಿನವರು. ಹಾಗಾದರೆ ನಾನು ವಾರಿಯಲ್ಲಿ ಹೊರಗಿನವನಾದದ್ದು ಕನ್ನಡದವನಾದ್ದರಿಂದ ಅಂತ ಅಷ್ಟು ದಿನ ಅಂದುಕೊಂಡಿದ್ದು ಸುಳ್ಳು. ಸಾಹೇಬನಾದ್ದರಿಂದ ಹೊರಗಿನವನಾದೆ. ಭಾಷೆ ಬರದಿದ್ದದ್ದು ಒಂದು ನೆಪ.

ಹಾಗಂತ ಕರ್ವೆಯವರ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಪ್ರಬಂಧದಲ್ಲಿ ಅವರಿಗೆ ಮಹಾರಾಷ್ಟ್ರದ ಹೊಸ ವ್ಯಾಖ್ಯೆಯೊಂದು ಸಿಗುತ್ತದೆ. ಪಂಢರಪುರಕ್ಕೆ ಯಾತ್ರೆ ಹೋಗುವ ಜನರ ನಾಡೇ ಮಹಾರಾಷ್ಟ್ರ ಎನ್ನುವುದು ಅದರ ಸಾರ. ಬಹಳ ಪ್ರಸಿದ್ಧವಾದ ಮಾತು. ಆದರೆ ಈ ಲೆಕ್ಕ ಟ್ಯಾಲಿ ಆಗುವುದಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಕನ್ನಡ ಮಾತಾಡುವವರು ತಲೆತಲಾಂತರದಿಂದ ಪಂಢರಪುರಕ್ಕೆ ಹೋಗುತ್ತಿದ್ದಾರೆ. ಪಲ್ಲಕ್ಕಿಯ ಕುದುರೆಯೇ ಅಂಕಲಿಯಿಂದ ಬರುತ್ತೆ. ನಡೆಯುವವರನ್ನು ನಾಡಿನ ಗಡಿಯಾಗಿ ಮಾಡಿದ ಕೂಡಲೇ ಯಾರೋ ಕೆಲವರು ಗಡಿಯ ಆಚೆ ಉಳಿಯುತ್ತಾರೆ. ಹುಡುಗಿಯ ಪ್ರಶ್ನೆಗೆ ಉತ್ತರ ಸಿಗದೆ ಉಳಿದ ಜಾಗವನ್ನು ಈ ದೊಡ್ಡ ಮಾತು ಸ್ವಲ್ಪ ಮುಚ್ಚಿಬಿಡುತ್ತದೋ ಏನೋ ಅನ್ನಿಸುತ್ತೆ. ಆ ಹುಡುಗಿ ಮುಂದೆ ಪುಣೆಗೆ ಬಂದಳೇ, ಕರ್ವೆಯವರ ಮನೆಯಲ್ಲಿ ಎಲ್ಲಿ ಕೂತಳು? ನನಗೆ ಬೇಕಿದ್ದದ್ದು ಆ ಪುಟ. ಅದು ಪ್ರಬಂಧದಲ್ಲಿಲ್ಲ.

ನನ್ನ ಮನೆಯ ಪುಟ ಮಾತ್ರ ನನಗೆ ಗೊತ್ತು. ಆ ವರ್ಷ ವಾರಿ ಮುಗಿಸಿ ಬಂದ ಮಾಮಾ ಒಂದು ಭಾನುವಾರ ನಮ್ಮನೆಗೆ ಪ್ರಸಾದ ತಂದರು. ಚುರಮುರಿ, ಬತ್ತಾಸು, ಕರಿ ಬುಕ್ಕಾ, ಒಂದು ತುಳಸಿ ಮಾಲೆ. ಒಳಗೆ ಬನ್ನಿ ಅಂದೆ, ಕೂತರು. ನಮ್ಮನೆಯವಳು ಕಾಫಿ ತಂದಳು. ಕೆಲಸದವರಿಗೆ ಅಂತ ಬೇರೆ ಎತ್ತಿಟ್ಟಿದ್ದ ಲೋಟದಲ್ಲಿ. ಅವಳನ್ನು ದೂರುವ ಹಾಗಿಲ್ಲ, ಆ ಲೋಟವನ್ನು ಹಾಗೆ ಎತ್ತಿಡುವ ಪದ್ಧತಿ ನಮ್ಮಮ್ಮನ ಕಾಲದಿಂದ ನಮ್ಮ ಜೊತೆ ಹಾಸನದಿಂದಲೇ ಬಂದಿತ್ತು. ನಾನು ನೋಡಿದೆ. ಮಾಮಾ ನೋಡಿದರೋ ಇಲ್ಲವೋ, ಕುಡಿದರು. ಹದಿನೈದು ದಿನದ ಹಿಂದೆ ಘಾಟಿನಲ್ಲಿ ರೈತನ ಬಾಟಲಿಗೆ ಬಾಯಿ ಇಟ್ಟು ನೀರು ಕುಡಿದವನು ನಾನೇ. ಸೋಮವಾರ ಶಾಖೆಯಲ್ಲಿ “ಮಾಮಾ, ಒಂದು ಚಹಾ ಹೇಳಿ” ಅಂದವನೂ ನಾನೇ.

ಎರಡನೇ ಪುಸ್ತಕ ದಿ.ಬಾ. ಮೋಕಾಶಿಯವರ ‘ಪಾಲಖಿ’ (1964). ಮೋಕಾಶಿ (1915–1981) ಕಥೆಗಾರರು. ಹೊಟ್ಟೆಪಾಡಿಗೆ ಪುಣೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಆ ಕಸುಬಿನ ಗುಣ ಪುಸ್ತಕದಲ್ಲಿದೆ. ಮುಚ್ಚಳ ತೆಗೆದು ಒಳಗಿನ ತಂತಿಗಳನ್ನು ನೋಡುತ್ತಾರೆ. ದಿಂಡಿ ಹೇಗೆ ನಡೆಯುತ್ತೆ, ಊಟ-ತಂಗುದಾಣದ ಏರ್ಪಾಡು ಏನು, ನಡೆಯುವವರು ಯಾವ ಕಷ್ಟ ಹೊತ್ತುಕೊಂಡು ಬಂದಿದ್ದಾರೆ ಎಂಬುದೆಲ್ಲ ಅವರಿಗೆ ಬೇಕು. ಭಕ್ತಿಯನ್ನು ಹೊಗಳುವ ಆತುರವಿಲ್ಲ, ತೆಗಳುವ ಚಪಲವೂ ಇಲ್ಲ. ತನಗೆ ನಂಬಿಕೆ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನ ಮಾಡಿಕೊಂಡೇ ಹೊರಡಬೇಕೆಂಬ ಹಟವಿಲ್ಲ. ಫಿಲಿಪ್ ಎಂಗ್‌ಬ್ಲಮ್ ಇದನ್ನು ಇಂಗ್ಲಿಷಿಗೆ ತಂದಿದ್ದಾರೆ (1987). ಮರಾಠಿ ಬರದವರು ಅಲ್ಲಿ ಓದಬಹುದು.

ಆದರೆ ಒಂದು ಕೊರತೆ ಹೇಳಬೇಕು. ಕರ್ವೆಯವರಿಗೆ ಎದುರಾದಂಥ ಪ್ರಶ್ನೆ ಮೋಕಾಶಿಯವರಿಗೆ ಅಷ್ಟು ನೇರವಾಗಿ ಎದುರಾದಂತೆ ನನಗೆ ಕಾಣಲಿಲ್ಲ. ಟಿಪ್ಪಣಿ ಪುಸ್ತಕ ಕೈಯಲ್ಲಿದ್ದವನು ಪ್ರಶ್ನೆ ಕೇಳುವವನು. ಅವನನ್ನು ಯಾರು ಕೇಳುತ್ತಾರೆ? ಬಹುಶಃ ಈ ಕೊರತೆ ಅವರಿಗೂ ತಿಳಿದಿತ್ತು. ಹತ್ತು ವರ್ಷ ಕಳೆದು, 1974ರಲ್ಲಿ, ಅವರು ‘ಆನಂದ ಓವರಿ’ ಕಾದಂಬರಿ ಬರೆದರು. ಅದು ತುಕಾರಾಮರ ಕತೆ, ಆದರೆ ಹೇಳುವವನು ತಮ್ಮ ಕಾನ್ಹೋಬಾ. ಒಂದೇ ತಾಯಿಯ ಮಗ, ಒಂದೇ ಮನೆಯಲ್ಲಿ ಬೆಳೆದವನು, ಆದರೂ ಅಣ್ಣನ ಭಕ್ತಿಯ ಹೊಸಿಲು ದಾಟಲಾರದವನು. ಪ್ರೀತಿ, ಸಿಟ್ಟು, ಅಸಹಾಯಕತೆ ಎಲ್ಲ ಸೇರಿದ ದನಿ ಅವನದು. ವರದಿಗಾರ ಮೋಕಾಶಿಗೆ ಸಿಗದಿದ್ದದ್ದು ಕಾದಂಬರಿಕಾರ ಮೋಕಾಶಿಗೆ ಸಿಕ್ಕಿತು. ಹೊರಗಿರುವುದಕ್ಕೆ ಬೇರೆ ಊರಿನವರೇ ಆಗಬೇಕಿಲ್ಲ. ಭಕ್ತನ ತಮ್ಮನೂ ಹೊರಗಿನವನೇ.

ಇನ್ನು ಮೂರನೆಯದು. ಇದು ನಮ್ಮ ಕನ್ನಡಿಗರಿಗೆ ಬಹಳ ಪ್ರಿಯವಾದದ್ದು, ಓದಿ ಪ್ರಿಯವಾದದ್ದಕ್ಕಿಂತ ಓದದೆ ಪ್ರಿಯವಾದದ್ದೇ ಹೆಚ್ಚು. ರಾ.ಚಿಂ. ಢೇರೆಯವರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ (1984). 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗ್ರಂಥ. ಆನ್ ಫೆಲ್ಡ್‌ಹೌಸ್ ಮಾಡಿದ ಇಂಗ್ಲಿಷ್ ಅನುವಾದ 2011ರಲ್ಲಿ ಬಂತು. ವಿಠ್ಠಲನ ಬೇರು ಕನ್ನಡ ನೆಲದ ಕಡೆಗೆ ಹೋಗುತ್ತದೆ ಎಂಬುದನ್ನು ಢೇರೆ ಯಾವ ಮುಜುಗರವೂ ಇಲ್ಲದೆ ಚರ್ಚಿಸುತ್ತಾರೆ. ಜ್ಞಾನೇಶ್ವರರೇ ಒಂದು ಅಭಂಗದಲ್ಲಿ ವಿಠ್ಠಲನನ್ನು ಕರ್ನಾಟಕದವನೆಂದು ಕರೆದಿದ್ದಾರೆ. ಪಂಢರಪುರದ ದೇವಸ್ಥಾನದಲ್ಲಿ 1237ರ ಹೊಯ್ಸಳ ಸೋಮೇಶ್ವರನ ಕಾಲದ ಶಾಸನವಿದೆ, ಸಂಸ್ಕೃತ ಮತ್ತು ಕನ್ನಡದಲ್ಲಿ.

ಪುಣೆಯಲ್ಲಿ ನಮ್ಮ ಕನ್ನಡ ಗೆಳೆಯರ ಕೂಟವೊಂದಿತ್ತು. ರಾಜ್ಯೋತ್ಸವಕ್ಕೆ ಒಬ್ಬರಾದರೂ ಈ ವಿಷಯ ಎತ್ತಿಯೇ ಎತ್ತುತ್ತಿದ್ದರು. ಒಂದು ಸಲ ನಾನೂ ಭಾಷಣ ಬಿಗಿದೆ. ಹಳೇಬೀಡಿನ ಪಕ್ಕದವನು ಬೇರೆ! “ನಮ್ಮೂರ ಅರಸರು ದತ್ತಿ ಬಿಟ್ಟ ದೇವರು, ಇವರು ಈಗ ತಮ್ಮವನು ಅಂತಾರೆ” ಅಂದೆ. ಒಳ್ಳೇ ಚಪ್ಪಾಳೆ ಬಿತ್ತು. ಆಗ ನಾನು ಢೇರೆಯವರನ್ನು ಓದಿರಲಿಲ್ಲ.

ಓದಿದ ಮೇಲೆ ನಾಚಿಕೆಯಾಯಿತು. ಢೇರೆಯವರ ವಾದದ ಮುಖ್ಯ ಭಾಗ ಭಾಷೆಯದಲ್ಲ, ಜನರದು. ವಿಠ್ಠಲ ಮೊದಲಿಗೆ ದನ-ಕುರಿ ಕಾಯುವವರ ದೇವರು, ಧನಗರರ, ಕುರುಬರ, ಗೊಲ್ಲರ ನಡುವಿನವನು, ಬೀರಪ್ಪನ ಜೊತೆಗಾರ. ಆಮೇಲೆ ವೈಷ್ಣವ ಸಂಪ್ರದಾಯ, ಪುರಾಣ, ಆಗಮ ಎಲ್ಲ ಬಂದು ಸೇರಿ ದೊಡ್ಡ ಸಮನ್ವಯವಾಯಿತು ಎಂಬುದು ಅವರ ಪ್ರತಿಪಾದನೆ. ಅಡಮಾನ ಸಾಲ ಕೊಡುವಾಗ ನಾವು ಮೊದಲು ನೋಡುವುದು ಟೈಟಲ್ ಡೀಡ್ ಯಾರ ಹೆಸರಲ್ಲಿದೆ ಅಂತ. ಢೇರೆಯವರ ಪ್ರಕಾರ ವಿಠ್ಠಲನ ಮೂಲ ದಾಖಲೆ ಇರುವುದು ಕಂಬಳಿ ಹೊದ್ದವರ ಹೆಸರಲ್ಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದ್ದು ನಿಂತ ಬ್ಯಾಂಕ್ ಆಫೀಸರನ ಹೆಸರಲ್ಲಲ್ಲ. ‘ನಮ್ಮದು’ ಅಂದೆನಲ್ಲ, ಆ ‘ನಾವು’ ಯಾರು? ನಮ್ಮಮ್ಮ ಪುರಂದರ ವಿಠಲನ ದೇವರನಾಮ ಹೇಳುತ್ತಾ ಬೆಳೆಸಿದಳು ನಿಜ. ಆದರೆ ನಮ್ಮೂರಿನ ಕುರುಬರ ಬೀದಿಯ ಬೀರದೇವರ ಪರಿಷೆಗೆ ನಾನು ಒಂದು ದಿನವೂ ಹೋದವನಲ್ಲ. ಒಬ್ಬ ಮರಾಠಿ ವಿದ್ವಾಂಸ ಅಷ್ಟು ಶ್ರದ್ಧೆಯಿಂದ ಕನ್ನಡದ ಕಡೆ ನಡೆದು ಬಂದದ್ದನ್ನು ನಾವು ಅವರಿಗೇ ತಿರುಗಿ ಕಳಿಸುವ ವಸೂಲಿ ನೋಟೀಸು ಮಾಡಿಕೊಂಡೆವು. ಇದು ಅವರ ಪುಸ್ತಕಕ್ಕೆ ನಾವು ಮಾಡಿದ ಅನ್ಯಾಯ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ವಾರಿಯನ್ನು ಸಮಾನತೆಯ ಸ್ವರ್ಗ ಅಂತ ಚಿತ್ರಿಸುವ ಬರಹಗಳೂ ಈಗೀಗ ಹೆಚ್ಚಾಗಿವೆ. ಅದೂ ಕುರ್ಚಿಯಿಂದ ಏಳದೆ ಬರೆದದ್ದೇ. ಅಭಂಗ ಬರೆದ ಚೋಖಾಮೇಳ ಮಹಾರ ಜಾತಿಯವರಾದ್ದರಿಂದ ಒಳಗೆ ಹೋಗುವಂತಿರಲಿಲ್ಲ. ಅವರ ಸಮಾಧಿ ಇರುವುದು ದೇವಸ್ಥಾನದ ಬಾಗಿಲ ಹೊರಗೆ. ಅವರ ಜನಕ್ಕೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸ ಕೂತ ಮೇಲೆ. ದಾರಿಯಲ್ಲಿ ಎಲ್ಲರೂ ಮಾವುಲಿ, ಬಾಗಿಲಲ್ಲಿ ಅಲ್ಲ. ಇದನ್ನು ಹೇಳಲು ಹೊರಗಿನವನಿಗೆ ಹಕ್ಕಿಲ್ಲವೇ? ಖಂಡಿತ ಇದೆ. ಆದರೆ ತನ್ನ ಮನೆಯ ಲೋಟದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆದರೆ ಮಾತ್ರ ಆ ಮಾತಿಗೆ ಬೆಲೆ. ಕರ್ವೆಯವರು ತಮ್ಮ ಪಾಲನ್ನು ಬರೆದರು, ಅದಕ್ಕೇ ಅವರ ಟೀಕೆ ಇವತ್ತಿಗೂ ನಿಂತಿದೆ.

ಊರಿನ ವಿಷಯಕ್ಕೇ ಬರುತ್ತೇನೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ನಮ್ಮ ಹಾಸನ ಜಿಲ್ಲೆಯನ್ನು ಹಾದೇ ಘಾಟಿ ಇಳಿಯುತ್ತಾರೆ. ನಾನು ಕಾಲೇಜು ಓದುವಾಗ ಅಂಥ ಗುಂಪು ಬಂದರೆ ನಮ್ಮನೆ ಜಗಲಿಯಿಂದ ನೀರುಮಜ್ಜಿಗೆ ಕೊಡುತ್ತಿದ್ದೆವು. ಅವರು ಬೊಗಸೆ ಒಡ್ಡುತ್ತಿದ್ದರು, ನಾವು ಎತ್ತರದಿಂದ ಹೊಯ್ಯುತ್ತಿದ್ದೆವು. ಅದು ಪುಣ್ಯದ ಕೆಲಸ ಅಂತಲೇ ನಮ್ಮ ಭಾವನೆ. ಎಲ್ಲಿಂದ ಬಂದಿರಿ, ಕಾಲು ನೋಯುತ್ತಾ ಅಂತ ಒಬ್ಬರನ್ನೂ ಕೇಳಿದ ನೆನಪಿಲ್ಲ. ಪುಣೆಗೆ ಹೋಗಿ ಅಪರಿಚಿತ ಆಚಾರ ನೋಡಿ ಬೆರಗಾದೆ ಅಂತ ಬರೆಯುತ್ತೇನೆ. ನಮ್ಮ ಜಗಲಿಯ ಕೆಳಗೇ ಹಾದುಹೋಗುತ್ತಿದ್ದ ಆಚಾರ ನನಗೆ ಅಷ್ಟೇ ಅಪರಿಚಿತವಾಗಿತ್ತು. ಊರಲ್ಲಿ ಅದು ಗೊತ್ತಾಗಲಿಲ್ಲ, ಅಷ್ಟೆ. ಹೊರನಾಡಿನ ವಾಸದಿಂದ ಏನು ಕಲಿತಿರಿ ಅಂತ ನೀವು ಕೇಳಿದರೆ ನನ್ನ ಉತ್ತರ ಇದು.

2020ರಲ್ಲಿ ಕೊರೊನಾ ಬಂದು ವಾರಿಯ ನಡಿಗೆ ನಿಂತಿತು. ನಾನು ನಿವೃತ್ತನಾಗಿ ಹಾಸನದಲ್ಲಿದ್ದೆ. ಜೂನ್ ಮೂವತ್ತರಂದು ಟಿ.ವಿ.ಯಲ್ಲಿ ನೋಡಿದೆ. ಹೂವಿನಿಂದ ಅಲಂಕಾರ ಮಾಡಿದ ಎಸ್.ಟಿ. ಬಸ್ಸಿನಲ್ಲಿ, ಬೆರಳೆಣಿಕೆಯ ಜನರ ಜೊತೆ, ಪಾದುಕೆಗಳು ಪಂಢರಪುರಕ್ಕೆ ಹೊರಟಿದ್ದವು. ರಸ್ತೆ ಖಾಲಿ. ಜೂನ್ ಮೂವತ್ತು, ಎಸ್.ಟಿ. ಬಸ್ಸು. ಇಪ್ಪತ್ತೆರಡು ವರ್ಷದ ಹಿಂದಿನ ನನ್ನ ಹಾಸ್ಯ ಎದುರಿಗೆ ಬಂದು ನಿಂತ ಹಾಗಾಯಿತು. ಮಾಮಾಗೆ ಫೋನ್ ಮಾಡಿದೆ. ಎಪ್ಪತ್ತರ ಹತ್ತಿರದ ದನಿ. ತಾಯಿ ಹೋಗಿ ಬಹಳ ವರ್ಷವಾಗಿತ್ತು. ಕುಶಲೋಪರಿಯೆಲ್ಲ ಆದ ಮೇಲೆ ಅವರೇ ನಗುತ್ತಾ ಅಂದರು: “ಸಾಹೇಬ, ಈ ಸಲ ಮಾವುಲಿ ನಿಮ್ಮ ಮಾತು ಕೇಳಿದರು. ಎಸ್.ಟಿ. ಹತ್ತಿದರು.”

ಅವರು ಮರೆತಿರಲಿಲ್ಲ. ಅಷ್ಟು ವರ್ಷ ಒಂದು ದಿನವೂ ಎತ್ತಿ ಆಡಿರಲಿಲ್ಲ. ಅರ್ಜಿಯ ಮೇಲೆ ಬರೆದ ಎರಡು ಇಂಗ್ಲಿಷ್ ಪದಗಳಿಗಾಗಿ, ಆ ಬಸ್ಸಿನ ಮಾತಿಗಾಗಿ, ಆ ಲೋಟಕ್ಕಾಗಿ ಕ್ಷಮೆ ಕೇಳಬೇಕೆಂದುಕೊಂಡೇ ಫೋನ್ ಎತ್ತಿಕೊಂಡಿದ್ದೆ. “ತಪ್ಪಾಯ್ತು ಮಾಮಾ” ಅನ್ನುವಷ್ಟರಲ್ಲಿ ಅವರು, “ಬಿಡಿ ಸಾಹೇಬ, ಹುಷಾರಾಗಿರಿ, ಮನೆಯಿಂದ ಹೊರಗೆ ಹೋಗಬೇಡಿ” ಅಂದರು.

ನಾನು ‘ಮಾಮಾ’ ಅಂತಲೇ ಅಂದೆ, ಅವರು ‘ಸಾಹೇಬ’ ಅಂತಲೇ ಅಂದರು. ಕರ್ವೆಯವರ ದಿಂಡಿಯ ಹುಡುಗಿ ಕೇಳಿದ್ದು ಇದನ್ನೇ ಇರಬೇಕು.